ಅವ್ವನ ಕಣ್ಣಿಗಾಗಿ ಆರಿಸಿದ ಟಿವಿ

ಅವ್ವನ ಕಣ್ಣಿಗೆ ಬರೀ ಪೊರೆ ಬಂದಿದೆಯೋ, ದೃಷ್ಟಿಯೇ ಹೋಗಿದೆಯೋ ಎಂದು ನೈರೋಬಿಯ ಡಾಕ್ಟರಮ್ಮ ಇಂದು ಪರದೆಯಲ್ಲೇ ನೋಡಿ ಹೇಳುವವರಿದ್ದರು. ಮಗಳು ವಮೈಥಾ ಅವ್ವ ಗಾಥಿಗಿಯಾಳನ್ನು ದವಾಖಾನೆಯ ಕುರ್ಚಿಯಲ್ಲಿ ಕೂರಿಸಿದಳು. ಕಾಡು, ಗುಡ್ಡ ಅಡ್ಡವಾಗಿ ಫೋನೂ ಸಿಗದ ಆ ಊರಿಗೆ, ಟಿವಿಯ ಖಾಲಿ ಚಾನೆಲ್ ಹಿಡಿದು ಮರಗಳನ್ನು ದಾಟಿ ಇಂಟರ್‌ನೆಟ್ ಬಂದಿತ್ತು.

ಆಟದ ದಿನವಾದರೂ ಎದುರಿನ ಚಹಾದಂಗಡಿಯ ಟಿವಿಯಲ್ಲಿ ಸದ್ದಿರಲಿಲ್ಲ. ಅಂಗಡಿಯ ಮುದುಕ ಕಿರೈಥೆ ದವಾಖಾನೆಯ ಬಾಗಿಲಿಗೇ ಬಂದ.

"ಟಿವಿ ಆರ್ಸಿದೀನಿ ಮಗಳೇ. ನಾವು ಫುಟ್‌ಬಾಲ್ ನೋಡ್ತಾ ಕೂತು, ನಿಮ್ಮವ್ವನ ಕಣ್ಣು ದಾರೀಲೇ ಸಿಕ್ಕಾಕ್ಕೊಂಡ್ರೆ?"

ತಂತಿ ಜೋಡಿಸುತ್ತಿದ್ದ ಇಂಟರ್‌ನೆಟ್ ಕೆಲಸದ ಹುಡುಗಿ ಮ್ವೆಂಡೆ ನಕ್ಕಳು. "ಯಾವ ಟಿವಿಯೂ ಬಳಸದ ಚಾನೆಲ್ಲಲ್ಲಿ ಇದು ಬರೋದು ಅಜ್ಜ. ನೀವು ನೋಡಿದ್ರೂ ಏನೂ ಆಗಲ್ಲ."

"ಹಂಗಾದ್ರೆ ಗೋಲು ಸುಮ್ನೆ ಹೋಯ್ತಾ?" ಎಂದು ಮುದುಕ ಗೊಣಗಿದ. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ.

ನರ್ಸ್ ಅವ್ವನ ಕಣ್ಣಿಗೆ ಟಾರ್ಚ್ ಬೆಳಕು ಬಿಟ್ಟು ಕ್ಯಾಮೆರಾ ಹಿಡಿದಳು. ಪರದೆಯ ಮೇಲೆ ಡಾಕ್ಟರಮ್ಮನ ಮುಖ ಎದುರಿಗೆ ಕೂತಷ್ಟೇ ನಿಚ್ಚಳವಾಗಿತ್ತು.

"ಪೊರೆ ಅಷ್ಟೇ ಅಮ್ಮ. ತೆಗೆದ್ರೆ ಚೆನ್ನಾಗಿ ಕಾಣುತ್ತೆ."

ಗಾಥಿಗಿಯಾ ಬಾಗಿಲ ಕಡೆ ತಿರುಗಿದಳು.

"ಈಗ ಹೋಗಿ ಟಿವಿ ಹಾಕು ಕಿರೈಥೆ. ಇವತ್ತು ಆಟ ಕೇಳಿಸ್ಕೋತೀನಿ, ಮುಂದಿನ ಸಲ ನೋಡ್ತೀನಿ."