ಅತ್ತೆ ಎಳೆದ ಪೈಪು

ನಾನು ಒಮ್ಮೆ ಪೈಪಿನ ಹೊಗೆ ಬಿಟ್ಟಾಗ ಡೆಟ್ರಾಯಿಟ್ ನದಿಯ ಆಚೆ ದಡದ ಕೆನಡಾದವರು ಮಟಮಟ ಮಧ್ಯಾಹ್ನ ಬೀದಿದೀಪ ಹಾಕಿಕೊಂಡರು. 1974ರ ಮಾತು. ನಮ್ಮ ಕಡೆಯ ಫೈರ್ ಎಂಜಿನ್ನೂ ಹೊರಟಿತ್ತು, ಹೊಗೆಯಲ್ಲಿ ದಾರಿ ಕಾಣದೆ ವಾಪಸು ಹೋಯಿತು.

ಆ ಹೊಗೆಸೊಪ್ಪೇ ಅಂಥದ್ದು. ಇಂಗ್ಲೆಂಡಿನಲ್ಲಿ ಎಲೆಯನ್ನು ಹಗ್ಗದ ಹಾಗೆ ಹೊಸೆದು, ಎಣ್ಣೆ ಸವರಿ, ಇದ್ದಲಿನಷ್ಟು ಕಪ್ಪಾಗುವವರೆಗೆ ಬೇಯಿಸಿದ್ದು. ಹೆಬ್ಬೆರಳಿನ ದಪ್ಪ, ಟಾರಿನ ವಾಸನೆ. ನದಿಯಾಚೆ, ಕೆನಡಾದ ವಿಂಡ್ಸರಿನ ಅಂಗಡಿಯಿಂದ ತಂದು, ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಮನೆಯ ಕಾಫಿ ಟೇಬಲ್ಲಿನ ಮೇಲೆ ಹಾವಿನಂತೆ ಸುತ್ತಿಟ್ಟಿದ್ದೆ. ಬಂದವರು ಕೇಳಬೇಕು, ನಾನು ಹೇಳಬೇಕು. ಹಡಗಿನ ಖಲಾಸಿಗಳೇ ಇದನ್ನು ಸೇದಿ ತಲೆ ತಿರುಗಿ ಸಮುದ್ರಕ್ಕೆ ಬಿದ್ದರೆಂದೂ, ನಾನು ಮಾತ್ರ ತಿಂಡಿಗೆ ಮುಂಚೆಯೇ ಮೂರು ಪೈಪು ಮುಗಿಸುತ್ತೇನೆಂದೂ ಹೇಳುತ್ತಿದ್ದೆ.

ಆ ಚಳಿಗಾಲ ನಂಜನಗೂಡಿನಿಂದ ನನ್ನ ಅತ್ತೆ ಶಿವಲಿಂಗಮ್ಮ ಬಂದಿದ್ದರು. ಎಲೆಯಡಿಕೆಯ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕದೆ ಒಂದು ದಿನವೂ ಕಳೆದವರಲ್ಲ. ತಂದ ಡಬ್ಬಿ ಖಾಲಿಯಾಯಿತು. ಊಟ ಸೇರದು, ಗೋಡೆಗೆ ಹಣೆ ಒತ್ತಿಕೊಂಡು ಕೂರುವರು. ಕಣ್ಣು ಮಾತ್ರ ನನ್ನ ಹಗ್ಗದ ಮೇಲೆ. ಆದರೆ ಕೇಳುವ ಹಾಗಿಲ್ಲ. ಮದುವೆಯಾದಂದಿನಿಂದ ಅವರು ಅಳಿಯನ ಎದುರು ನಿಂತು ಮಾತಾಡಿದವರಲ್ಲ; ಏನಿದ್ದರೂ ಬಾಗಿಲ ಮರೆಯಿಂದ, ಮಗಳ ಮೂಲಕ.

“ರೀ, ಅಮ್ಮಂಗೆ ಅದ್ರಲ್ಲಿ ಒಂದ್ ಚೂರು ಕೊಡಿ. ತಲೆ ಸಿಡೀತಿದೆಯಂತೆ,” ಎಂದಳು ಪದ್ಮ.

“ಅವರೇ ಬಂದು ಕೇಳ್ಲಿ.”

“ಅವರು ಹಾಗೆ ಕೇಳಲ್ಲ ಅಂತ ಗೊತ್ತಲ್ಲ ನಿಮಗೆ.”

“ಗೊತ್ತು. ಅದಕ್ಕೇ ಹೇಳಿದ್ದು.”

ಭಾನುವಾರ ಹಯವದನ ಊಟಕ್ಕೆ ಬಂದಿದ್ದ. ಲೀಡ್ಸಿನಲ್ಲಿ ಓದಿ, ಇಲ್ಲಿ ನನ್ನದೇ ಆಫೀಸಿಗೆ ಸೇರಿದ ಎಂಜಿನಿಯರು. ನಾನು ಹೇಳುತ್ತಿದ್ದ ಕೆನಡಾದ ದೀಪದ ಕಥೆ ಅರ್ಧ ಮುಗಿದಿತ್ತು. ಅತ್ತೆ ಅಡುಗೆಮನೆಯ ಬಾಗಿಲು ದಾಟಿ ಬಂದು ನನ್ನ ಮುಂದೆ ನಿಂತರು. ಸೆರಗು ಎರಡೂ ಭುಜ ಮುಚ್ಚಿತ್ತು.

“ಒಂಚೂರು ಕೊಡಿ,” ಎಂದರು ನೆಲ ನೋಡುತ್ತ.

“ಕೇಳಿಸ್ಲಿಲ್ಲ ಅತ್ತೆ. ಹಯವದನಂಗೂ ಕೇಳೋ ಹಾಗೆ ಹೇಳಿ.”

ಹೇಳಿದರು. ನಾನು ಚೂರು ಕೊಡಲಿಲ್ಲ. ಹಗ್ಗದ ತುದಿ ಕೊಯ್ದು, ಪೈಪಿಗೆ ತುರುಕಿ, ಅವರ ಬಾಯಿಗೆ ಹಿಡಿದೆ.

“ನಮ್ಮನೇಲಿ ಅಗಿಯಲ್ಲ, ಸೇದ್ತೀವಿ. ಎಳೀರಿ.”

“ಸಾಕು ಮಾಡ್ರೀ,” ಎಂದಳು ಪದ್ಮ.

ಅತ್ತೆ ಮಗಳ ಕಡೆ ಒಮ್ಮೆ ನೋಡಿ, ಪೈಪು ಕಚ್ಚಿಕೊಂಡರು. ನಾನು ಕಡ್ಡಿ ಗೀರಿದೆ, ಆರಿತು. ಮತ್ತೆ ಗೀರಿದೆ. ಕೆನ್ನೆ ಒಳಸೇರಿ ದವಡೆಯ ಮೂಳೆ ಎದ್ದು ಕಾಣುವಂತೆ ಎಳೆದರು. ಹೊಗೆ ಬರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

“ನಂಜನಗೂಡಿನ ದಮ್ಮು ಇಷ್ಟೇನಾ?”

ಹಯವದನ ಬಗ್ಗಿ ಪೈಪಿನೊಳಗೆ ನೋಡಿದ. “ದಮ್ಮಿನ ಮಾತಲ್ಲ ಮೌಳಿ. ಹಸಿ ಹಸಿ ತುಂಬಿದೀಯ. ಇದನ್ನ ತೆಳ್ಳಗೆ ಬಿಲ್ಲೆ ಕೊಯ್ದು, ಉಜ್ಜಿ, ಒಣಗಿಸ್ಬೇಕು. ಲೀಡ್ಸಲ್ಲಿ ನನ್ನ ಮನೆ ಓನರ್ ಮುದುಕ ದಿನಾ ಮಾಡ್ತಿದ್ದ. ಇದನ್ನ ಸೇದೋನಿಗೆ ಅಷ್ಟೂ ಗೊತ್ತಿಲ್ವಾ?”

“ಈ ಚಳಿಗೆ ಒದ್ದೆಯಾಗಿದೆ,” ಎಂದೆ.

“ಹೀಟರ್ ಎಪ್ಪತ್ತೆರಡು ಡಿಗ್ರೀಲಿದೆ. ಮನೆಯೊಳಗೆ ಎಲ್ಲಿದೆ ಚಳಿ?”

ಅತ್ತೆ ಕಾಯಲಿಲ್ಲ. ತುರುಬಿನ ಪಿನ್ನು ಕಿತ್ತು, ಪೈಪಿನ ಕಪ್ಪು ಮುದ್ದೆಯನ್ನು ಕೆದಕಿ ತೆಗೆದು, ಎಲ್ಲರ ಎದುರೇ ದವಡೆಗೆ ಒತ್ತಿಕೊಂಡರು. ಕಣ್ಣಿಂದ ನೀರು ಇಳಿಯಿತು. ಬಾಗಿಲ ಮರೆಗೆ ಹೋಗಲಿಲ್ಲ. ನನ್ನ ಎದುರಿನ ಸೋಫಾದಲ್ಲೇ ಕೂತು, ಮೊದಲ ಸಲ ನನ್ನ ಮುಖ ನೋಡಿದರು.

“ಇನ್ನು ನಾಚೋಕೇನೂ ಉಳ್ದಿಲ್ಲ. ನೀವು ಇದನ್ನ ಯಾವಾಗ ಸೇದಿದ್ರಿ, ಹೇಳಿ.”

ಪದ್ಮ ಹೋಗಿ ಅಮ್ಮನ ಪಕ್ಕದಲ್ಲೇ ಕೂತಳು.

“ಸೇದಿಲ್ಲ,” ಎಂದೆ. “ವಿಂಡ್ಸರಲ್ಲಿ ಅಂಗಡಿಯವನೇ ಹಚ್ಚಿಕೊಟ್ಟ. ಒಂದು ದಮ್ಮು ಎಳೆದೆ, ಅಲ್ಲೇ ಮೆಟ್ಟಿಲ ಮೇಲೆ ವಾಂತಿ ಮಾಡ್ಕೊಂಡೆ. ಹಗ್ಗ ತಂದಿದ್ದು ತೋರ್ಸೋಕೆ. ನಾನು ಸೇದೋದು ಔಷಧಿ ಅಂಗಡೀಲಿ ಸಿಗೋ ಚೆರ್ರಿ ವಾಸನೆ ಹೊಗೆಸೊಪ್ಪಿನ ಪುಡಿ. ಅದರ ಹೊಗೇನೂ ಒಳಗೆ ತಗೊಳಲ್ಲ.”