ಗಿಣ್ಣು ಹಾಲು, ಏಳನೇ ಮೆಟ್ಟಿಲು

ನನ್ನ ಕಾದಂಬರಿಯ ಮಾಂತ್ರಿಕೆ ವಿದ್ಯೆಯ ಏಳು ಮೆಟ್ಟಿಲನ್ನು ಮೂರೇ ಅಧ್ಯಾಯದಲ್ಲಿ ಹತ್ತಿಬಿಟ್ಟಳು. ಒಮ್ಮೆಯೂ ಎಡವಲಿಲ್ಲ. ಅದನ್ನು ಮೊಬೈಲಿನಲ್ಲಿ ಬರೆಯುತ್ತಿದ್ದ ನಾನು, ಸಿರಿ, ಹಗರೆ ಹತ್ತಿರದ ನಮ್ಮೂರ ಡೈರಿಯಲ್ಲಿ ನಾಲ್ಕು ತಿಂಗಳಿಂದ ಕ್ಯಾನ್ ತೊಳೆಯುತ್ತಿದ್ದೆ. ಮಿಶೀನಿನಲ್ಲಿ ಹಾಲು ಪರೀಕ್ಷೆ ಮಾಡುವ ಜವರಣ್ಣ ಆ ತಿಂಗಳು ಕೆಲಸ ಬಿಡುವವರಿದ್ದರು. ಆ ಜಾಗ ನನಗೆ ಬೇಕಿತ್ತು. ಬಹಳ ಬೇಕಿತ್ತು.

ಬಿಡುವಾದಾಗ ಅವರಿಗೆ ಕಥೆ ಓದಿ ಹೇಳುತ್ತಿದ್ದೆ. "ನನಗೂ ಮಿಶೀನು ಬತ್ತದೆ, ಇನ್ನೇನು ಕಲೀಬೇಕು?" ಎಂದರೆ, "ಮಿಶೀನು ಹಾಲು ನೋಡ್ತೈತೆ ಕಣವ್ವ, ಹಸ ನೋಡಲ್ಲ" ಎನ್ನುತ್ತಿದ್ದರು. ಮುದುಕರಿಗೆ ಮಿಶೀನು ಕಂಡರಾಗದು ಎಂದುಕೊಂಡೆ.

ಸೋಮವಾರ ಅವರು ಹಳೇಬೀಡಿಗೆ ಮದುವೆಗೆ ಹೋದರು. ಮಿಶೀನಿನ ಮುಂದೆ ನಾನು ಕೂತೆ. ಭಾಗಮ್ಮನ ಹಾಲಿಗೆ ಎಂದೂ ಕಾಣದಷ್ಟು ದೊಡ್ಡ ಅಂಕಿ ಬಂತು. "ಇವತ್ತು ನಿಮ್ದೇ ಫಸ್ಟು ಭಾಗಮ್ಮತ್ತೆ" ಎಂದು ಹೊಗಳಿ ಕ್ಯಾನಿಗೆ ಸುರಿದೆ.

ಮಧ್ಯಾಹ್ನ ಶೀತಲ ಕೇಂದ್ರದಿಂದ ಫೋನು ಬಂತು. ಕಾಯಿಸಿ ನೋಡಿದರೆ ಒಂದು ಕ್ಯಾನ್ ಹಾಲು ಒಡೆದಿದೆಯಂತೆ. ಭಾಗಮ್ಮನ ಹಸು ಶುಕ್ರವಾರ ಕರು ಹಾಕಿತ್ತು. ಮೂರು ದಿನ ಗಿಣ್ಣು ಹಾಲನ್ನು ಬೀದಿಗೆಲ್ಲ ಹಂಚಿ, ಇನ್ನು ಸರಿಹೋಯಿತೆಂದು ಡೈರಿಗೆ ತಂದಿದ್ದರು. ಅದಿನ್ನೂ ಗಿಣ್ಣೇ ಆಗಿತ್ತು. ಗಿಣ್ಣು ಗಟ್ಟಿ, ಅದಕ್ಕೇ ಮಿಶೀನು ಮೆಚ್ಚಿತ್ತು; ಕಾಯಿಸಿದರೆ ಒಡೆಯುತ್ತದೆ. ಅವರು ಕೊಟ್ಟ ಗಿಣ್ಣನ್ನು ಬೆಲ್ಲ ಹಾಕಿ ಎರಡು ತಟ್ಟೆ ತಿಂದಿದ್ದವಳು ನಾನೇ. ನಾಲಿಗೆಗೆ ಗೊತ್ತಿದ್ದದ್ದು ತಲೆಗೆ ಹೊಳೆಯಲಿಲ್ಲ.

ಸಂಜೆ ಡೈರಿ ಅಧ್ಯಕ್ಷ ಶಿವಪ್ರಕಾಶ್ ಬಂದರು. ಮದುವೆಯಿಂದ ಮರಳಿದ್ದ ಜವರಣ್ಣ ಎದ್ದು ನಿಂತು, "ತಪ್ಪು ನಂದೇ ಸಾಮಿ. ಹುಡುಗಿಗೆ ಸರಿಯಾಗಿ ಹೇಳ್ಕೊಡ್ಲಿಲ್ಲ" ಎಂದರು.

ಸುಮ್ಮನಿದ್ದರೆ ಕೆಲಸ ನನ್ನದಾಗುತ್ತಿತ್ತು. ಬಾಯಿ ಕೇಳಲಿಲ್ಲ.

"ಹೇಳ್ಕೊಟ್ಟಿದ್ರು ಸರ್. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ."

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. "ಇನ್ನೂ ಮೂರು ತಿಂಗ್ಳು ಕ್ಯಾನ್ ತೊಳಿಯಮ್ಮ. ಅಲ್ಲೀಗಂಟ ಜವರಣ್ಣನೇ ಇರ್ಲಿ."

ಅವರು ಹೋದ ಮೇಲೆ ಅತ್ತುಬಿಟ್ಟೆ. ಜವರಣ್ಣ ತಮ್ಮ ಟವೆಲ್ ಕೊಟ್ಟರು.

"ನಾನೂವೆ ಎರಡು ಕ್ಯಾನು ಒಡೆಸಿದೀನಿ ಕಣವ್ವ. ನಿನ್ ಮಾಂತ್ರಿಕೆ ಎಷ್ಟು ಒಡೆಸಿದ್ಲು?"

"ಒಂದೂ ಇಲ್ಲ."

"ಹಂಗಾರೆ ಅವ್ಳಿಗೆ ಡೈರೀಲಿ ಕೆಲ್ಸ ಕೊಡಾಕಾಗಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಕೂತು ಮಾಂತ್ರಿಕೆಯನ್ನು ಮೊದಲ ಮೆಟ್ಟಿಲಿಗೆ ಇಳಿಸಿದೆ. ಕೈಗೊಂದು ಪೊರಕೆಯನ್ನೂ ಕೊಟ್ಟೆ.

ಮರುದಿನ ಬೆಳಗ್ಗೆ ಯಶೋಧರಾ ಹಾಲು ತಂದಾಗ, ಬ್ರಷ್ಷು ಹಿಡಿದುಕೊಂಡೇ ಕೇಳಿದೆ, "ಅಕ್ಕಾ, ಹಸು ಕರು ಹಾಕಿ ಎಷ್ಟು ದಿನ ಆಯ್ತು?"

ಜವರಣ್ಣ ನನ್ನ ಕಡೆ ನೋಡಲಿಲ್ಲ. ಮಿಶೀನಿನ ಮುಂದಿನ ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗವಾಗುವಷ್ಟು ಪಕ್ಕಕ್ಕೆ ಸರಿದು ಕೂತರು.