ಮಣ್ಣು ಮೆತ್ತಿದ ಪೊಟರೆ

ಗಂಡು ಹಕ್ಕಿ ಆ ದಿನವೂ ಬರಲಿಲ್ಲ.

ತಾಳೆಗರಿ ಹೊದಿಸಿದ ಮರೆಯೊಳಗೆ ಗಾರಂಗ್ ಬೆಳಕು ಹರಿದಾಗಿನಿಂದ ಕೂತಿದ್ದ. ಎದುರಿನ ಮರದಲ್ಲಿ, ಇಪ್ಪತ್ತು ಮಾರು ಎತ್ತರದಲ್ಲಿ ಒಂದು ಪೊಟರೆ. ಅದರ ಬಾಯಿಗೆ ಮಣ್ಣು ಮೆತ್ತಿ, ನಡುವೆ ಎರಡು ಬೆರಳಗಲದ ಸೀಳನ್ನಷ್ಟೇ ಬಿಟ್ಟುಕೊಂಡು ಹೆಣ್ಣು ಮಂಗಟ್ಟೆ ಒಳಗೆ ಕೂತು ಮೂರು ತಿಂಗಳಾಗಿತ್ತು. ಮರಿಯೂ ಹುಟ್ಟಿತ್ತು, ಗಾಳಿ ನಿಂತಾಗ ಅದರ ಕಿರುಚಾಟ ಕೆಳಗಿನವರೆಗೂ ಕೇಳುತ್ತಿತ್ತು. ಗಂಡು ದಿನಕ್ಕೆ ಐದಾರು ಸಲ ಗಂಟಲ ತುಂಬ ಅತ್ತಿಹಣ್ಣು ತಂದು, ಸೀಳಿನಲ್ಲಿ ಒಂದೊಂದಾಗಿ ದಾಟಿಸಿ ಹೋಗಬೇಕು. ಮೂರು ದಿನದಿಂದ ಅದು ಕೂರುವ ಕೊಂಬೆ ಖಾಲಿ. ಆಗೊಮ್ಮೆ ಈಗೊಮ್ಮೆ ಕೊಕ್ಕಿನ ತುದಿಯೊಂದು ಸೀಳಿನಿಂದ ಹೊರಬಂದು, ಗಾಳಿಯನ್ನು ಕಚ್ಚಿ, ಒಳಗೆ ಸರಿಯುತ್ತಿತ್ತು.

ಹೆಂಡತಿಯ ತಮ್ಮ ಜಬು ಬಾಳೆಲೆಯಲ್ಲಿ ಅನ್ನ ಕಟ್ಟಿಕೊಂಡು ಬಂದ.

"ಏನ್ ಭಾವ, ಯಜಮಾನ ಬಂದ್ನಾ?"

"ಇಲ್ಲ."

"ಹೆಂಡ್ತಿ ಬೈದಿರ್ತಾಳೆ, ಮುನಿಸ್ಕೊಂಡು ಹೋಗಿರ್ತಾನೆ ಬಿಡು. ನೀನೂ ನಮ್ಮಕ್ಕನ ಮೇಲೆ ಕೋಪ ಮಾಡ್ಕೊಂಡು ಎಂಟು ದಿನ ದೋಣೀಲೇ ಮಲಗಿರ್ಲಿಲ್ವಾ?"

ಗಾರಂಗ್ ನಗಲಿಲ್ಲ. "ಮೊನ್ನೆ ಬೆಳಿಗ್ಗೆ ಹಳ್ಳದ ಕಡೆ ಎರಡು ಕೋವಿ ಈಡು ಕೇಳಿಸ್ತಲ್ಲ, ಜಬು."

"ಯಾರೋ ಹಂದಿ ಹೊಡೆದಿರ್ಬೇಕು."

"ಹಂದಿ ಹೊಡೆದಿದ್ರೆ ಮನೆಮನೆಗೂ ಪಾಲು ಬರ್ತಿತ್ತು. ನಿನ್ನ ಮನೆಗೆ ಬಂತಾ?"

ಜಬು ಅನ್ನದ ಗಂಟನ್ನು ಬಿಚ್ಚದೆ ಹಾಗೇ ಕೆಳಗಿಟ್ಟ.

ನೊಣಗಳ ಸದ್ದೇ ಅವರನ್ನು ಹಳ್ಳದ ಪಕ್ಕದ ಅತ್ತಿಮರದ ಬುಡಕ್ಕೆ ಕರೆದೊಯ್ದಿತು. ಹಕ್ಕಿ ರೆಕ್ಕೆ ಚಾಚಿ ಬೋರಲು ಬಿದ್ದಿತ್ತು. ಬಾಲದ ಎರಡು ಉದ್ದ ಗರಿಗಳನ್ನು ಯಾರೂ ಮುಟ್ಟಿರಲಿಲ್ಲ. ತಲೆ ಮಾತ್ರ ಇರಲಿಲ್ಲ. ಕೊಕ್ಕಿನ ಮೇಲಿನ ಗಟ್ಟಿ ಕೊಂಬು, ಹೊರಗೆ ಕೆಂಪು, ಒಳಗೆ ಜೇನಿನ ಹಳದಿ, ಬಂದವರಿಗೆ ಬೇಕಾಗಿದ್ದದ್ದು ಅದೊಂದೇ; ದಂತದಂತೆ ಕೆತ್ತಲು ಅದನ್ನು ದುಡ್ಡು ಸುರಿದು ಕೊಳ್ಳುವವರಿದ್ದರು. ಕತ್ತರಿಸಿದ ಕೊರಳಿನಿಂದ ಅತ್ತಿಹಣ್ಣುಗಳು ಉರುಳಿ ಬಿದ್ದಿದ್ದವು, ಒಂದೂ ಜಜ್ಜಿಹೋಗಿರಲಿಲ್ಲ. ಜಬು ಅವನ್ನು ಆರಿಸಲು ಬಗ್ಗಿ, ಯಾಕೆ ಬಗ್ಗಿದೆನೆಂದು ತಿಳಿಯದವನಂತೆ ಮತ್ತೆ ನೆಟ್ಟಗಾದ.

ಮಾರನೆಯ ದಿನ ಗಾರಂಗ್ ದೋಣಿಯಲ್ಲಿ ನದಿಗುಂಟ ಅರ್ಧ ದಿನ ಕೆಳಗಿಳಿದು ಅರಣ್ಯ ಕಚೇರಿಗೆ ಹೋದ. ಅಲ್ಲಿ ಹಲೀಮಾ ಎಂಬ ಅಧಿಕಾರಿ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ತನ್ನ ಫೋನಿನಲ್ಲಿ ಒಂದು ಚಿತ್ರ ತೆರೆದು ತೋರಿಸಿದಳು.

"ಇದು ನಿಮ್ಮದೇ ಅಲ್ವಾ?"

ಅವನದೇ. ಈ ಕಾಡನ್ನು ಅವನು ಮೂವತ್ತು ವರ್ಷದಿಂದ ಬಣ್ಣದಲ್ಲಿ ಹಿಡಿಯಲು ಹೆಣಗಿದ್ದ. ಮೊದಲನೆಯದು ಪಾದ್ರಿಯೊಬ್ಬರು ಬಿಟ್ಟುಹೋದ ರೀಲಿನ ಕ್ಯಾಮೆರಾ. ಅದರಲ್ಲಿ ಮಂಗಟ್ಟೆಯ ಕೆಂಪು ಎಲೆಯಡಿಕೆ ಉಗುಳಿನ ಹಾಗೆ ಮಂಕಾಗಿ ಬರುತ್ತಿತ್ತು, ಆ ಚಿತ್ರಗಳಿಗೂ ಬೂಸ್ಟು ಹಿಡಿಯಿತು. ಎರಡನೆಯದು, ಹಕ್ಕಿ ನೋಡಲು ಬಂದು ಅವನ ಮರೆಯಲ್ಲಿ ಹನ್ನೊಂದು ದಿನ ಕೂತಿದ್ದ ಜಪಾನಿನ ಮುದುಕನೊಬ್ಬ ಕೊಟ್ಟ ದೊಡ್ಡ ಕ್ಯಾಮೆರಾ. ಅದರ ಕೆಂಪು ಪ್ಲಾಸ್ಟಿಕ್ ಬಕೆಟ್ಟಿನ ಕೆಂಪು. ಕಳೆದ ವರ್ಷ ಮಗಳು ಯೂಸ್ತಿನಾ ಫೋನು ತಂದುಕೊಟ್ಟಳು. ಹೋದ ತಿಂಗಳ ಒಂದು ಸಂಜೆ ಅದನ್ನು ದೂರದರ್ಶಕದ ಕಣ್ಣಿಗೆ ಒತ್ತಿ ಹಿಡಿದಾಗ, ಸೀಳಿಗೆ ಬಾಗಿದ ಗಂಡು, ಕೊಕ್ಕಿನ ತುದಿಯ ಹಣ್ಣು, ಇಳಿಬಿಸಿಲಿನಲ್ಲಿ ಒಳಗಿನಿಂದಲೇ ಬೆಳಗುವ ಕೊಂಬು, ಎಲ್ಲವೂ ಕಣ್ಣು ಕಂಡ ಹಾಗೇ ಬಂದಿತ್ತು. ಅದನ್ನು ನೋಡಿ ಅವನು ಮರೆಯೊಳಗೆ ಒಬ್ಬನೇ ನಕ್ಕಿದ್ದ. ಮಗಳು ಅದನ್ನು ಎಲ್ಲರೂ ನೋಡಲೆಂದು ಇಂಟರ್ನೆಟ್ಟಿಗೆ ಹಾಕಿದ್ದಳು.

"ದೊಡ್ಡ ಕ್ಯಾಮೆರಾ ಇತ್ತಲ್ಲ ನಿಮ್ಮತ್ರ?" ಎಂದಳು ಹಲೀಮಾ.

"ಬಣ್ಣ ಫೋನಲ್ಲೇ ಚೆನ್ನಾಗಿ ಬಂತು."

ಅವಳು ಚಿತ್ರವನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಳು. ಕೆಳಗೊಂದು ಪುಟ್ಟ ನಕ್ಷೆ: ನದಿಯ ತಿರುವು, ಹಳ್ಳ, ಹಳ್ಳದ ಪಕ್ಕದಲ್ಲಿ ಒಂದು ಚುಕ್ಕೆ.

"ಬಣ್ಣದ ಜೊತೆ ಜಾಗಾನೂ ಬಂದಿದೆ," ಎಂದಳು. ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. "ಮರಿ ಸಾಕೋ ಜನ ಪಟ್ಟಣದಿಂದ ಬರ್ಬೇಕು. ಹೇಳಿ ಕಳಿಸ್ತೀನಿ. ಎಂಟು ದಿನ, ಹತ್ತು ದಿನ ಆಗ್ಬಹುದು."

ಗಾರಂಗ್ ಹಿಂದಿರುಗಿದ ಮೇಲೆ ಜಬು ಹೇಳಿದ, "ಮಣ್ಣು ಒಡೆದು ಬಿಟ್ಟುಬಿಡೋಣ ಭಾವ. ಅವಳ ಹೊಟ್ಟೆ ಅವಳು ನೋಡ್ಕೊಳ್ತಾಳೆ."

"ಒಳಗೆ ಕೂತ ಮೇಲೆ ರೆಕ್ಕೆ ಗರಿ ಎಲ್ಲ ಉದುರಿಸ್ಕೊಂಡಿರ್ತಾಳೆ ಕಣೋ. ಹೊಸದು ಪೂರ್ತಿ ಬಂದಿರಲ್ಲ. ಬಿಟ್ರೆ ಕಲ್ಲು ಬಿದ್ದ ಹಾಗೆ ಬೀಳ್ತಾಳೆ."

"ಹಾಗಾದ್ರೆ?"

"ಗೂಟ ಕಡಿ."

ಜೇನು ಇಳಿಸುವಾಗ ಮಾಡುವಂತೆ ಇಬ್ಬರೂ ಕಾಂಡಕ್ಕೆ ಗೂಟ ಬಡಿಯುತ್ತ, ಗೂಟಕ್ಕೆ ಬಿದಿರು ಕಟ್ಟುತ್ತ ಎರಡು ದಿನ ಮೇಲೇರಿದರು. ಅಷ್ಟೂ ಹೊತ್ತು ಒಳಗಿನಿಂದ ಮರಿ ಕಿರುಚುತ್ತಿತ್ತು. ಕಡೆಯ ಗೂಟ ಬಡಿದಾದ ಮೇಲೆ ಜಬು, "ಇನ್ನು ನಾನು ಹತ್ತೀನಿ, ನಿನಗೆ ಐವತ್ತೆಂಟಾಯ್ತು," ಎಂದ.

"ಫೋಟೊ ತೆಗೆದವನು ನೀನಾ?" ಎಂದು ಗಾರಂಗ್ ಹಣ್ಣಿನ ಚೀಲವನ್ನು ಕೊರಳಿಗೆ ಹಾಕಿಕೊಂಡ.

ಸೀಳಿನ ಎದುರು ಮುಖ ಬಂದೊಡನೆ ಕೊಕ್ಕು ಉಳಿಯಂತೆ ಹೊರಚಿಮ್ಮಿತು. ಅವನು ಕೋಲಿನ ತುದಿಗೆ ಹಣ್ಣು ಚುಚ್ಚಿ ಒಳಗೆ ತೂರಿಸಿದ. ಅದು ಕೋಲನ್ನೇ ಮುರಿದು ಹಣ್ಣನ್ನು ಹೊರಗೆಸೆಯಿತು. ಮತ್ತೊಂದು ಕೊಟ್ಟ, ಅದನ್ನೂ ಎಸೆಯಿತು.

"ತಿನ್ನು ತಾಯಿ. ವಿಷ ಅಲ್ಲ. ನಿನ್ನ ಗಂಡ ತರ್ತಿದ್ನಲ್ಲ, ಅದೇ ಮರದ್ದು," ಎಂದು ಅವನು ಕಾಂಡಕ್ಕೆ ಕೆನ್ನೆಯೊತ್ತಿ ಬೇಡಿಕೊಂಡ. ಒಳಗೆ ಅದರ ಉಸಿರು ಬುಸುಗುಟ್ಟುವುದು ಕೇಳುತ್ತಿತ್ತು. ಅದಕ್ಕೆ ಅವನು ಗೂಡಿಗೆ ಬಂದ ಕಳ್ಳ, ಅಷ್ಟೇ. ಇಪ್ಪತ್ತು ಹಣ್ಣಿನಲ್ಲಿ ಮೂರು ಮಾತ್ರ ಹೊರಗೆ ಬರಲಿಲ್ಲ. ಆ ಮೂರು ಹಣ್ಣನ್ನೇ ನೆಚ್ಚಿಕೊಂಡು ಅವನು ಕೆಳಗಿಳಿದ.

ಮಾರನೆಯ ಮಧ್ಯಾಹ್ನ ಮರಿಯ ಕೂಗು ನಿಂತುಹೋಯಿತು.

ಯೂಸ್ತಿನಾ ತಾನು ಪಾಠ ಹೇಳುವ ಪಟ್ಟಣದ ಶಾಲೆಗೆ ರಜೆ ಹಾಕಿ ಬಂದಳು. ಚೀಲವನ್ನೂ ಇಳಿಸದೆ ಅಪ್ಪನ ಮುಂದೆ ನಿಂತಳು.

"ಫೋಟೊ ತೆಗೆದ್ಹಾಕ್ದೆ ಅಪ್ಪ. ಆದ್ರೆ ಅಷ್ಟು ಹೊತ್ತಿಗೆ ಎಲ್ಲರ ಹತ್ರಾನೂ ಹೋಗಿಬಿಟ್ಟಿದೆ. ನಕ್ಷೆ ಬರತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ನಾನು ಹಾಕ್ಲೇಬಾರ್ದಿತ್ತು."

"ನಿಂಗೇನ್ ಗೊತ್ತು," ಎಂದ ಗಾರಂಗ್. ಫೋಟೊ ಹಾಕಿದಂದಿನಿಂದ ಪ್ರತಿ ಸಂಜೆ ನದಿದಂಡೆಯ ದಿಬ್ಬ ಹತ್ತಿ, ಸಿಗ್ನಲ್ ಸಿಗುವಲ್ಲಿ ನಿಂತು ಮಗಳಿಗೆ ಫೋನು ಮಾಡಿ, "ಇವತ್ತೆಷ್ಟು ಜನ ನೋಡಿದ್ರು?" ಎಂದು ಕೇಳುತ್ತಿದ್ದವನು ಅವನೇ. ನಾಲ್ಕು ಸಾವಿರ ಎಂದಾಗ ಊರಿನ ಮನೆಗಳೆಲ್ಲ ಒಂದೇ ಸೂರಿನಡಿ ಸಾಲಾಗಿದ್ದ ಉದ್ದಮನೆಯ ಜಗಲಿಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದ. ಆ ನಾಲ್ಕು ಸಾವಿರದಲ್ಲಿ ಕೋವಿ ಇದ್ದವನೂ ಒಬ್ಬನಿದ್ದ. ಅವನನ್ನೂ ಸೇರಿಸಿಯೇ ಎಣಿಸಿ ಹಿಗ್ಗಿದ್ದ. ಮಗಳು ಅಳುತ್ತಿದ್ದಳು. ಅವಳ ತಲೆಯ ಮೇಲೆ ಕೈಯಿಡಬೇಕೆಂದುಕೊಂಡ. ಕೈ ಮೇಲೇಳಲಿಲ್ಲ.

ಬೆಳಿಗ್ಗೆ ಅವಳೂ ಜೊತೆಗೆ ಬಂದಳು. ಹಣ್ಣನ್ನು ಅವಳೇ ಆರಿಸಿ, ಹಳ್ಳದ ನೀರಿನಲ್ಲಿ ತೊಳೆದು ಚೀಲಕ್ಕೆ ತುಂಬಿದಳು. ಜಬು ಹಗ್ಗ ಹಿಡಿದು ನಿಂತ. ಗಾರಂಗ್ ಒಂದೊಂದೇ ಗೂಟಕ್ಕೆ ಕಾಲಿಡುತ್ತ, ನಡುನಡುವೆ ನಿಂತು ಉಸಿರೆಳೆಯುತ್ತ ಹತ್ತಿದ. ಮೇಲೆ ಗಾಳಿ ತಣ್ಣಗಿತ್ತು. ಸೀಳಿನ ಎದುರು ಮುಖ ತಂದು, ಕೊಕ್ಕು ಚಿಮ್ಮುತ್ತದೆಂದು ಕಣ್ಣು ಕಿರಿದು ಮಾಡಿದ. ಏನೂ ಬರಲಿಲ್ಲ. ಬೆರಳ ಗೆಣ್ಣಿನಿಂದ ಮಣ್ಣನ್ನು ಮೆಲ್ಲಗೆ ತಟ್ಟಿದ. ಇನ್ನೊಮ್ಮೆ ತಟ್ಟಿದ. ಹಣ್ಣೊಂದನ್ನು ಸೀಳಿನಲ್ಲಿಟ್ಟು ತಳ್ಳಿದ. ಅದು ಒಳಗೆ ಬಿದ್ದ ಸದ್ದು ಕೇಳಿತು, ಮತ್ತೇನೂ ಕೇಳಲಿಲ್ಲ.

"ಅಪ್ಪಾ, ತಗೊಂಡ್ಳಾ?" ಎಂದು ಕೆಳಗಿನಿಂದ ಯೂಸ್ತಿನಾ ಕೂಗಿದಳು.

ಅವನು ಕೆಳಗೆ ನೋಡಲಿಲ್ಲ. ಒಂದು ಕೈಯಲ್ಲಿ ಕಾಂಡವನ್ನು ತಬ್ಬಿ, ಇನ್ನೊಂದನ್ನು ಸೀಳಿನ ಅಂಚಿನಲ್ಲಿಟ್ಟುಕೊಂಡು ಹಾಗೇ ನಿಂತ. ತೊಗಟೆಯ ಬಿರುಕಿನಿಂದ ಹೊರಟ ಕೆಂಪಿರುವೆಗಳ ಸಾಲೊಂದು ಅವನ ತೋರುಬೆರಳಿನವರೆಗೆ ಬಂದು, ಕ್ಷಣ ತಡೆದು, ಬೆರಳನ್ನು ಬಳಸಿಕೊಂಡು ಒಳಗಿಳಿಯುತ್ತಿತ್ತು.